ಭರಣವೆಂಬ ಋಣ

ಬಸವನಗುಡಿ, ಮಲ್ಲೇಶ್ವರಗಳ ಮನೆಗಳಲ್ಲಿ ಮಗನೋ ಅಳಿಯನೋ ಅಮೆರಿಕೆಯಲ್ಲಿರುವುದನ್ನು ಅಭಿಮಾನದಿಂದ ಹೇಳಿಕೊಳ್ಳುವವರು ಬಹುಮಂದಿ. ಆದರೆ ಹಾಗೆ ಹೋದವನು ಹೆಂಡತಿಯಿಂದ ಬೇರೆಯಾಗಿ, ಮಗುವಿಗೆ ಕಳುಹಿಸಬೇಕಾದುದನ್ನೂ ನಿಲ್ಲಿಸಿ, ಆ ತಾಯಿಯು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದ ಮೆಟ್ಟಿಲನ್ನು ಹತ್ತಬೇಕಾಗಿ ಬಂದ ಸಂಗತಿಯನ್ನು ಯಾವ ಮನೆಯವರೂ ಬಾಯಿಬಿಟ್ಟು ಹೇಳರು. ಅಲ್ಲಿಯ ಕೌಟುಂಬಿಕ ನ್ಯಾಯಾಲಯದಲ್ಲಿ ಆಕೆ ಕೇಳುವುದಕ್ಕೆ ನಮ್ಮ ಭಾಷೆ ಕೊಟ್ಟಿರುವ ಹೆಸರು ಜೀವನಾಂಶ. ಅಂಶವೆಂದರೆ ಪಾಲು, ಪಿತ್ರಾರ್ಜಿತದಲ್ಲಿ ದಾಯಾದಿಗೆ ಪಾಲು ಹೇಗೆ ಹಕ್ಕೋ ಹಾಗೆಯೇ ತಂದೆಯ ಗಳಿಕೆಯಲ್ಲಿ ಶಿಶುವಿಗೆ ಅನ್ನದ ಪಾಲು ಹಕ್ಕು.

ಹಿಂದೆ ದಂಡಪ್ರಕ್ರಿಯಾ ಸಂಹಿತೆಯ 125ನೆಯ ಪ್ರಕರಣವಾಗಿದ್ದು 2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯದಾಗಿರುವ ವಿಧಿಯಂತೆ ಆಜ್ಞೆ ದೊರೆತರೂ ಅದು ಸಮುದ್ರವನ್ನು ದಾಟುವುದು ಕಷ್ಟ. ಇಂತಹ ಬಾಕಿಯನ್ನು ದೇಶದೇಶಗಳ ನಡುವೆ ವಸೂಲು ಮಾಡುವುದಕ್ಕಾಗಿ 2007ರಲ್ಲಿ ಹೇಗ್ ನಗರದಲ್ಲಿ ಆದ ಒಡಂಬಡಿಕೆಗೆ ಅಮೆರಿಕ ಸೇರಿದೆ, ಭಾರತ ಸೇರಿಲ್ಲ. ಆದರೆ ಅದೇ ಮನುಷ್ಯನು ಅಲ್ಲಿಯ ಪೌರತ್ವವನ್ನು ಬಯಸಿ ಅರ್ಜಿ ಹಾಕಿದಾಗ, ಸಾಮಾನ್ಯವಾಗಿ ಹಿಂದಿನ 5 ವರ್ಷ ತಾನು ಸಚ್ಚಾರಿತ್ರ್ಯದಿಂದ ಬಾಳಿದೆನೆಂದು ತೋರಿಸಬೇಕಾಗುತ್ತದೆ. ಆಶ್ರಿತರ ಪೋಷಣೆಯನ್ನು ಬುದ್ಧಿಪೂರ್ವಕವಾಗಿ ತೊರೆದವನಿಗೆ, ನ್ಯಾಯಾಲಯದ ಆಜ್ಞೆ ಇರಲಿ ಇಲ್ಲದಿರಲಿ, ಆ ಬಾಗಿಲು ಮುಚ್ಚಬಹುದು. ಪೌರನಾದ ಮೇಲೂ, ಅಲ್ಲಿಯ ಸರ್ಕಾರದ ಲೆಕ್ಕಕ್ಕೆ ಬಂದ ಬಾಕಿ 2,500 ಡಾಲರನ್ನು ಮೀರಿದರೆ ಪಾಸ್‌ಪೋರ್ಟು ಸಿಕ್ಕದು. ನಮ್ಮ 1955ರ ಪೌರತ್ವ ಕಾಯಿದೆಯೂ ದೇಶೀಕರಣವನ್ನು ಬಯಸುವವನಲ್ಲಿ ಸಚ್ಚಾರಿತ್ರ್ಯವನ್ನು ಅಪೇಕ್ಷಿಸುತ್ತದೆ.

ಧರ್ಮವು ಅಂತಃಕರಣದ ವಿಷಯವಲ್ಲವೆ, ರಾಜ್ಯವು ಬಲಾತ್ಕಾರದಿಂದ ಮಾಡಿಸಿದುದು ಧರ್ಮವಾದೀತೆ ಎಂದು ವಿಚಾರವಂತರು ಆಕ್ಷೇಪಿಸಬಹುದು. ಪೂಜೆ, ವ್ರತ, ಜಪಗಳ ಮಟ್ಟಿಗೆ ಆ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅವುಗಳ ಫಲ ಮಾಡುವವನಿಗೆ ಸೇರಿದ್ದು. ಋಣದ ಮಾತು ಬೇರೆ. ತಂದೆಯ ಮನಸ್ಸು ಶುದ್ಧವಾಗುವವರೆಗೆ ಮಗುವಿನ ಹಸಿವು ಕಾದಿರದು.

ನಮ್ಮ ಪೂರ್ವಿಕರಿಗೆ ಇದು ತಿಳಿಯದ ಸಂಗತಿಯಲ್ಲ. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆ ಮಗನೊಡನೆ ಆಸ್ಥಾನಕ್ಕೆ ಬಂದು ನಿಂತಾಗ ದುಷ್ಯಂತನು ಇಬ್ಬರನ್ನೂ ಅರಿಯೆನೆಂದನು. ಆಗ ಅಶರೀರವಾಣಿಯು ಆತನಿಗೆ ಆ ಮಗನನ್ನು ಭರಿಸು, ಎಂದರೆ ಸಲಹು, ಎಂದು ಆಜ್ಞಾಪಿಸಿದ್ದರಿಂದ ಮಗುವಿಗೆ ಭರತನೆಂಬ ಹೆಸರಾಯಿತು. ನಮ್ಮ ಸಂವಿಧಾನದ ಮೊದಲನೆಯ ಅನುಚ್ಛೇದದಲ್ಲಿರುವ ಭಾರತವೆಂಬ ಹೆಸರಿಗೂ ಈ ಭರತನಿಗೂ ಪರಂಪರೆ ಸಂಬಂಧವನ್ನು ಕಲ್ಪಿಸಿದೆ. ಗಂಡನಿಗಿರುವ ಭರ್ತೃವೆಂಬ ಪದವೂ ಅದೇ ಧಾತುವಿನದು. ನಮ್ಮ ಕಲ್ಯಾಣದಲ್ಲಿಯೇ, ಚಾಳುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ಧರ್ಮಶಾಸ್ತ್ರ ವ್ಯಾಖ್ಯಾನವನ್ನು ಬರೆದನು. ವೃದ್ಧರಾದ ತಾಯ್ತಂದೆಯರನ್ನೂ ಸಾಧ್ವಿಯಾದ ಪತ್ನಿಯನ್ನೂ ಶಿಶುವನ್ನೂ ಮಾಡಬಾರದ ನೂರು ಕೆಲಸಗಳನ್ನು ಮಾಡಿಯಾದರೂ ಸಲಹಬೇಕೆಂಬ, ಮನುವಿನ ಹೆಸರಿನಲ್ಲಿ ನಡೆದುಬಂದು ಅದರಲ್ಲಿಯೂ ಉದ್ಧೃತವಾಗಿರುವ ವಚನದ ಕಠಿನತೆಯನ್ನು ನೆನೆದಾಗ, ಅಮೆರಿಕೆಯ ಪೌರತ್ವದ ಆ ನಿಯಮ ನನಗೆ ಪರಕೀಯವಾಗಿ ತೋರುವುದಿಲ್ಲ.

ಇಲ್ಲಿ ವಿವೇಕವೂ ಬೇಕು. ಕೆಲಸ ಕಳೆದುಕೊಂಡವನು, ರೋಗಪೀಡಿತನು, ಕೊಡಲಾರದೆ ಕೊರಗುವವನು ತಪ್ಪಿತಸ್ಥನಲ್ಲ. ಆ ದೇಶದ ನಿಯಮವೂ ಅಂತಹ ಕಾರಣವನ್ನು ಕೇಳಿಕೊಳ್ಳುತ್ತದೆ. 2020ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ, ಜೀವನಾಂಶದ ವ್ಯಾಜ್ಯದ ಉಭಯ ಪಕ್ಷದವರೂ ತಮ್ಮ ಆಸ್ತಿ, ಸಾಲಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು ವಿಧಿಸಿದ್ದು, ಕೊಡಲಾರದವನನ್ನೂ ಕೊಡಲೊಲ್ಲದವನನ್ನೂ ಬೇರ್ಪಡಿಸಲು ನೆರವಾಗುತ್ತದೆ. ಕೊಡಲೊಲ್ಲದವನು ಹೊಸ ದೇಶಕ್ಕೆ ನಿಷ್ಠನಾಗಿರುವೆನೆಂದು ಕೈಯೆತ್ತಿ ಮಾಡುವ ಪ್ರತಿಜ್ಞೆಯನ್ನು ಆ ದೇಶ ನಂಬದಿರುವುದು ನ್ಯಾಯವೇ.

ಚಾಮರಾಜಪೇಟೆಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಅವನ ತಾಯ್ತಂದೆಯರು ಇರುವರಷ್ಟೆ. ಅವರಲ್ಲಿ ನನ್ನ ಬಿನ್ನಹವಿದು. ಮುಂದಿನ ಸಲ ಮಗನು ದೂರವಾಣಿಯಲ್ಲಿ ಮಾತನಾಡಿದಾಗ, ಪೌರತ್ವದ ಅರ್ಜಿ ಎಲ್ಲಿಗೆ ಬಂತೆಂದು ಕೇಳುವ ಮೊದಲು, ಮೊಮ್ಮಗುವಿನ ಶಾಲೆಯ ಶುಲ್ಕವನ್ನು ಕಟ್ಟಿದೆಯಾ ಎಂದು ಕೇಳಿರಿ.