ಸಾಲದ ಶೇಷ

ಸಾಲದ ಶೇಷ, ಬೆಂಕಿಯ ಶೇಷ, ಹಗೆಯ ಶೇಷ ಉಳಿಸಬಾರದು. ಸಂಸ್ಕೃತ ಸುಭಾಷಿತದಿಂದ ಬಂದ ಈ ಮಾತು ಕನ್ನಡದ ಹಿರಿಯರ ಬಾಯಲ್ಲಿ ಗಾದೆಯಾಗಿಯೇ ಬೆಳೆದಿದೆ. ಕೆಲವರು ರೋಗವನ್ನೂ ಸೇರಿಸಿ ಮೂರನ್ನು ನಾಲ್ಕು ಮಾಡುತ್ತಾರೆ. ಸಾಲದ ಬಗ್ಗೆ ನಮ್ಮಲ್ಲಿರುವ ಬುದ್ಧಿಮಾತುಗಳಲ್ಲಿ ಹೆಚ್ಚಿನವು ಸಾಲ ತರಬೇಡ ಎನ್ನುತ್ತವೆ. ತಂದಾದ ಮೇಲೆ ಕೇಳಿಸಿಕೊಂಡರೆ ಅವುಗಳಿಂದ ಬೈಗುಳ ತಿಂದಂತಾಗುತ್ತದೆ, ಉಪಯೋಗವೇನಿಲ್ಲ. ಈ ಮಾತು ಸಾಲ ಆಗಿದೆ ಎಂಬಲ್ಲಿಂದಲೇ ಹೊರಡುತ್ತದೆ. ತಂದದ್ದು ತಪ್ಪೋ ಸರಿಯೋ ಎಂದು ಕೇಳುವುದಿಲ್ಲ; ಎಷ್ಟು ತೀರಿತು ಎಂದೂ ಕೇಳುವುದಿಲ್ಲ; ಎಷ್ಟು ಉಳಿಯಿತು ಎಂದಷ್ಟೇ ಕೇಳುತ್ತದೆ. ದೂಧಗಂಗಾ ದಂಡೆಯ ಏಕಸಂಬಿಯಲ್ಲಿ, ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಇಂದು ಒಂದು ಮನೆಯ ಸಾಲವನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಚುರುಕಾದ ಪ್ರಶ್ನೆ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಶೇಷ ಬೆಳೆಯುತ್ತದೆ ಎನ್ನುವುದನ್ನು ಲೆಕ್ಕದಿಂದಲೇ ನೋಡಬಹುದು. ಈ ಭಾಗದಲ್ಲಿ ಕೈಗಡದ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳುತ್ತಾರೆ. ಮೂರು ರೂಪಾಯಿ ಎಂದರೆ ಕಿವಿಗೆ ಹಗುರ. ವರ್ಷದ ಲೆಕ್ಕ ಹಿಡಿದರೆ ಶೇಕಡಾ 36. ಒಂದು ಲಕ್ಷ ತಂದವನು ಹೇಗೋ ಹೆಣಗಾಡಿ ತೊಂಬತ್ತು ಸಾವಿರ ತೀರಿಸಿ, ಉಳಿದ ಹತ್ತು ಸಾವಿರವನ್ನು ‘ಅದೇನು ಮಹಾ’ ಎಂದು ಬಿಟ್ಟ ಎನ್ನೋಣ. ಬಡ್ಡಿ ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋದರೆ ಐದು ವರ್ಷಕ್ಕೆ ಆ ಹತ್ತು ಸಾವಿರ ಸುಮಾರು 59 ಸಾವಿರವಾಗಿರುತ್ತದೆ. ತೀರಿಸಿದ ತೊಂಬತ್ತು ಸಾವಿರದ ಶ್ರಮವನ್ನು ಬಿಟ್ಟ ಹತ್ತು ಸಾವಿರ ನುಂಗುತ್ತದೆ. ಕಂತಿನ ಸಾಲದಲ್ಲೂ ಇದೇ ಆಟ. ಶೇಕಡಾ 24 ಬಡ್ಡಿಯ ಒಂದು ಲಕ್ಷಕ್ಕೆ ತಿಂಗಳಿಗೆ 2,000 ರೂಪಾಯಿ ಕಟ್ಟುವವನು ಬಡ್ಡಿಯನ್ನಷ್ಟೇ ಕಟ್ಟುತ್ತಾನೆ. ಅವನ ಸಾಲ ಅವನ ಮಕ್ಕಳ ಕಾಲಕ್ಕೂ ಒಂದು ಲಕ್ಷವೇ. 2,500 ಕಟ್ಟಿದರೆ ತೀರಲು 82 ತಿಂಗಳು ಬೇಕು. 3,000 ಕಟ್ಟಿದರೆ 56 ತಿಂಗಳು ಸಾಕು. ನಡುವಿನ ಐನೂರು ರೂಪಾಯಿ ಎರಡು ವರ್ಷಕ್ಕೂ ಹೆಚ್ಚಿನ ಕಂತುಗಳನ್ನು ಅಳಿಸಿಹಾಕುತ್ತದೆ. ಅಸಲಿಗೆ ತಾಗುವ ರೂಪಾಯಿಗೂ ಬಡ್ಡಿಗೆ ಹೋಗುವ ರೂಪಾಯಿಗೂ ಇರುವ ಈ ಅಂತರ ಕಾಣದೆ ಮಾಡಿದ ಮರುಪಾವತಿಯ ಯೋಜನೆ ಬರೀ ಕ್ಯಾಲೆಂಡರ್.

ಶೇಷವನ್ನು ಜೀವಂತ ಇಡುವುದಕ್ಕೆ ಒಂದು ಹಳೆಯ ಉಪಾಯವಿದೆ: ಹಳೆಯ ಪತ್ರ ಹರಿದು ಹೊಸ ಪತ್ರ ಬರೆಯುವುದು. ಈ ತಾಲ್ಲೂಕುಗಳಿರುವ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲಕ್ಕೆ ಹೋಗೋಣ. 1859ರ ಕಾಲಮಿತಿ ಕಾಯಿದೆ ಸಾಲದ ಪತ್ರಕ್ಕೆ ಮೂರು ವರ್ಷದ ಆಯುಷ್ಯ ಕೊಟ್ಟಿತು. ಬಡ್ಡಿ ಅಳತೆ ಮೀರಿ ಬೆಳೆಯದಿರಲಿ, ರೈತ ಉಸಿರಾಡಲಿ ಎಂಬುದು ಉದ್ದೇಶ. ಸಾಹುಕಾರರು ಮಾಡಿದ್ದೇನೆಂದರೆ, ಮೂರು ವರ್ಷಕ್ಕೊಮ್ಮೆ ಅಸಲು ಬಡ್ಡಿ ಎರಡನ್ನೂ ಕೂಡಿಸಿ ಅದನ್ನೇ ಹೊಸ ಅಸಲೆಂದು ಬರೆದು ರೈತನ ಹೆಬ್ಬೆಟ್ಟು ಒತ್ತಿಸಿಕೊಂಡರು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆ ಹೊಕ್ಕು ಹುಡುಕಿದ್ದು ಮುಖ್ಯವಾಗಿ ಈ ಪತ್ರಗಳನ್ನೇ, ಸುಟ್ಟದ್ದೂ ಅವನ್ನೇ. 1879ರ ದಖ್ಖನ್ ರೈತರ ಪರಿಹಾರ ಕಾಯಿದೆ ನ್ಯಾಯಾಲಯಕ್ಕೆ ಪತ್ರದ ಹಿಂದಿನ ಲೆಕ್ಕವನ್ನು ಮೊದಲಿನಿಂದ ಕೆದಕುವ, ಕಂತು ಕಟ್ಟಿಕೊಡುವ ಅಧಿಕಾರ ಕೊಟ್ಟಿತು. ಅದಕ್ಕೂ ಮೊದಲು ಹಿಂದೂ ಧರ್ಮಶಾಸ್ತ್ರದ ದಾಮ್‌ದುಪಟ್ ಎಂಬ ನಿಯಮ ಈ ಪ್ರಾಂತದಲ್ಲಿ ನಡೆಯುತ್ತಿತ್ತು: ಒಂದೇ ಬಾರಿಗೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರುವಂತಿಲ್ಲ. ಆದರೆ ಬಡ್ಡಿಯನ್ನು ಅಸಲೆಂದು ಹೊಸದಾಗಿ ಬರೆದುಕೊಟ್ಟ ಮರುದಿನ ಆ ಮಿತಿಯೂ ಹೊಸದಾಗಿ ಶುರು. ಕಾನೂನು ಶೇಷಕ್ಕೆ ಬೇಲಿ ಹಾಕಿದಾಗಲೆಲ್ಲ ಒಂದು ಸಹಿ ಆ ಬೇಲಿಯನ್ನು ದಾಟಿಸಿದೆ. ಇಂದಿನ ಕಾಲಮಿತಿ ಕಾಯಿದೆಯಲ್ಲೂ, ಅವಧಿ ಮುಗಿಯುವ ಮೊದಲು ಸಾಲವನ್ನು ಒಪ್ಪಿ ಸಹಿ ಮಾಡಿದರೆ ಅವಧಿ ಆ ದಿನದಿಂದ ಮತ್ತೆ ಎಣಿಕೆಯಾಗುತ್ತದೆ. ‘ಸುಮ್ಮನೆ ಒಂದು ಸಹಿ’ ಎಂದು ಕೇಳಿದಾಗ ಕಾಗದ ಓದಬೇಕಾದ್ದು ಇದಕ್ಕೇ.

ಆ ಉಪಾಯ ಈಗ ಸತ್ತಿದೆಯೇ? ಹೆಸರು ಬದಲಾಗಿದೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ‘ನವಂ-ಜುನಂ’ ಎನ್ನುತ್ತಾರೆ, ಈಚೆ ರಿನಿವಲ್ ಎನ್ನುತ್ತಾರೆ. ಮಾರ್ಚ್ ಬಂತೆಂದರೆ ಎಲ್ಲಿಂದಲೋ ನಾಲ್ಕು ದಿನಕ್ಕೆ ಹಣ ತಂದು ಹಳೆಯ ಸಾಲ ತೀರಿಸಿ, ಅದೇ ವಾರ ಹೊಸ ಸಾಲ ಎತ್ತಿ ಆ ಕೈಗಡ ಮರಳಿಸುವುದು. ಇಲ್ಲಿ ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಬ್ಬು ಹನ್ನೆರಡರಿಂದ ಹದಿನೆಂಟು ತಿಂಗಳ ಬೆಳೆ. ಬೀಜ, ಗೊಬ್ಬರ, ನೀರಿನ ಖರ್ಚು ಈಗ, ಬಿಲ್ಲು ಬರುವುದು ಕಾರ್ಖಾನೆ ನುರಿಸಿದ ಮೇಲೆ. ಹೀಗಿರುವಾಗ ರೈತ ಶೇಷ ಇಲ್ಲದೆ ಬದುಕುವುದೆಂತು? ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ (ಪಿಕೆಪಿಎಸ್) 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಸಿಗುವಾಗ ವರ್ಷ ವರ್ಷ ಅದನ್ನು ನವೀಕರಿಸದವನೇ ದಡ್ಡ. ಇದು ನಿಜ. ಆದರೆ ಬೆಳೆಯ ಜೊತೆ ಹುಟ್ಟಿ ಬೆಳೆಯ ಜೊತೆ ತೀರುವ ಸಾಲ ಗಾದೆ ಹೇಳುವ ಶೇಷವಲ್ಲ, ಅದು ಬಂಡವಾಳ. ಈ ವರ್ಷದ ಕಬ್ಬು ಕಳೆದ ವರ್ಷದ ಸಾಲವನ್ನು, ಅಥವಾ ಮದುವೆಯ, ಆಸ್ಪತ್ರೆಯ, ಮುರಿದ ಬೋರ್‌ವೆಲ್ಲಿನ ಸಾಲವನ್ನು ಹೊರಲು ತೊಡಗಿದಾಗ ಶೇಷ ಹುಟ್ಟುತ್ತದೆ. ಗುರುತಿಸುವುದು ಸುಲಭ: ತೀರಿಸಲು ಹಣ ಬಂದದ್ದು ಬೆಳೆಯಿಂದಲೋ ಇನ್ನೊಂದು ಸಾಲದಿಂದಲೋ ಎಂದು ಕೇಳಿದರೆ ಸಾಕು. ಶೂನ್ಯ ಬಡ್ಡಿಯೂ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ತಾರೀಖು ತಪ್ಪಿದರೆ ಸರ್ಕಾರದ ಬಡ್ಡಿ ಸಹಾಯ ಕೈಬಿಟ್ಟು ಅಗ್ಗದ ಸಾಲವೇ ದುಬಾರಿ ಸಾಲವಾಗುತ್ತದೆ.

ಶೇಷ ಒಬ್ಬನನ್ನು ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದಕ್ಕೆ ಕಬ್ಬಿನ ಸೀಮೆಯಲ್ಲೇ ಕಣ್ಣೆದುರಿನ ಸಾಕ್ಷಿ ಕಬ್ಬು ಕಡಿಯುವ ಟೋಳಿಗಳು. ಹಂಗಾಮಿನ ಮೊದಲು ಟೋಳಿಯ ಮೇಸ್ತ್ರಿಯಾದ ಮುಕಾದಮನ ಕೈಯಿಂದ ಮುಂಗಡ ಎತ್ತುತ್ತಾರೆ. ಹಂಗಾಮು ಮುಗಿದಾಗ ಕಡಿದ ಟನ್ನಿನ ಲೆಕ್ಕ ಮುಂಗಡಕ್ಕೆ ಸಾಲದಿದ್ದರೆ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಆ ಬಾಕಿಯೇ ಮುಂದಿನ ವರ್ಷವೂ ಅದೇ ಗುಂಪಿನಲ್ಲಿ ಬರಲೇಬೇಕೆಂಬ ಕಟ್ಟಳೆ. ಜೀತಪದ್ಧತಿ ನಿರ್ಮೂಲನ ಕಾಯಿದೆ ಬಂದದ್ದು 1976ರಲ್ಲಿ. ಬಾಕಿಯ ರೂಪದ ಹಗ್ಗ ಇನ್ನೂ ಉಳಿದಿದೆ. ಹಾಗೆಂದು ಶೇಷದ ಇನ್ನೊಂದು ಬದಿಯಲ್ಲಿ ರೈತನೇ ಸಾಲ ಕೊಟ್ಟವನಾಗಿರುವುದೂ ಉಂಟು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡಾ 15 ಬಡ್ಡಿ. ಸೊಸೈಟಿಯ ತಡಬಡ್ಡಿಯನ್ನು ರೂಪಾಯಿ ಬಿಡದೆ ಕಟ್ಟುವ ರೈತ, ತನಗೆ ಬರಬೇಕಾದ ತಡಬಡ್ಡಿಯನ್ನು ಕೇಳಿ ಪಡೆಯುವುದು ಅಪರೂಪ. ಅವನ ಮರುಪಾವತಿ ಯೋಜನೆಯ ಮೊದಲ ಸಾಲು ಈ ಬಾಕಿಯೇ ಆಗಬೇಕು.

ಇನ್ನು ಯಾವ ಸಾಲವನ್ನು ಮೊದಲು ಮುಗಿಸಬೇಕು? ಈ ಭಾಗದ ಒಂದು ಮನೆಯಲ್ಲಿ ಪಿಕೆಪಿಎಸ್ ಬೆಳೆಸಾಲ, ಸೊಸೈಟಿಯಲ್ಲಿ ಬಂಗಾರದ ಮೇಲಿನ ಸಾಲ, ಹೆಣ್ಣುಮಕ್ಕಳ ಹೆಸರಿನಲ್ಲಿ ಮೈಕ್ರೋಫೈನಾನ್ಸ್ ‘ಸಂಘದ’ ಸಾಲ, ಮೇಲೊಂದು ಕೈಗಡ ಹೀಗೆ ನಾಲ್ಕು ಬಗೆ ಒಟ್ಟಿಗಿರುವುದು ಸಾಮಾನ್ಯ. ಏಕಸಂಬಿಯೇ ಶ್ರೀ ಬೀರೇಶ್ವರ ಸಹಕಾರಿ ಸಂಸ್ಥೆಯಂಥ ದೊಡ್ಡ ಪತ್ತಿನ ಸಂಸ್ಥೆಯ ತವರು. ಸಾಲ ಸಿಗದ ಊರಲ್ಲ ಇದು. ಇಂಥ ಕಡೆ ಮನುಷ್ಯ ಸಹಜವಾಗಿ ಗದ್ದಲ ಮಾಡುವ ಸಾಲಕ್ಕೆ ಮೊದಲ ಹಣ ಕೊಡುತ್ತಾನೆ. ವಾರದ ಕಂತು ಕೇಳಲು ಸಂಘದವರು ಬಾಗಿಲಿಗೆ ಬರುತ್ತಾರೆ, ಗುಂಪಿನ ಉಳಿದವರ ಮುಂದೆ ಮಾನ ಹೋಗುತ್ತದೆ. ಆದ್ದರಿಂದ ಮೂರು ರೂಪಾಯಿ ಬಡ್ಡಿಯ ಕೈಗಡ ತಂದು ಅದಕ್ಕಿಂತ ಕಡಿಮೆ ಬಡ್ಡಿಯ ಕಂತು ಕಟ್ಟುತ್ತಾರೆ. ಶೇಷ ಇಲ್ಲಿ ಕಡಿಮೆಯಾಗಲಿಲ್ಲ, ಸಣ್ಣ ಬೆಂಕಿಯಿಂದ ದೊಡ್ಡ ಬೆಂಕಿಗೆ ಜಾಗ ಬದಲಿಸಿತು. ಗಾದೆಯ ತರ್ಕ ಹಿಡಿದರೆ ಉತ್ತರ ನೇರ: ಎಲ್ಲ ಸಾಲಕ್ಕೂ ತಪ್ಪದಷ್ಟು ಕಟ್ಟಿ, ಮಿಕ್ಕಿದ್ದೆಲ್ಲ ಅತಿ ವೇಗವಾಗಿ ಬೆಳೆಯುವ ಶೇಷಕ್ಕೆ, ಎಂದರೆ ಕೈಗಡಕ್ಕೆ. ಅತಿ ಸಣ್ಣ ಸಾಲವನ್ನು ಮೊದಲು ಮುಗಿಸಿ, ಹುರುಪು ಬರುತ್ತದೆ ಎನ್ನುವ ಸಲಹೆಗಾರರಿದ್ದಾರೆ. ಬಡ್ಡಿಗಳು ಹತ್ತಿರ ಹತ್ತಿರ ಇದ್ದಲ್ಲಿ ಅದಕ್ಕೆ ನನ್ನ ತಕರಾರಿಲ್ಲ. ಒಂದಕ್ಕೆ ಶೂನ್ಯ, ಇನ್ನೊಂದಕ್ಕೆ 36 ಇರುವ ಮನೆಯಲ್ಲಿ ಆ ಹುರುಪು ದುಬಾರಿ. ಲಾಕರಿನಲ್ಲಿ ಒಡವೆ ಇಟ್ಟುಕೊಂಡು ಕೈಗಡಕ್ಕೆ ಬಡ್ಡಿ ಕಟ್ಟುವುದಂತೂ ಮರ್ಯಾದೆಗೆ ತೆರುವ ತೆರಿಗೆ.

ಹಗೆಯ ಶೇಷ ಎಂಬ ಮೂರನೆಯ ಮಾತು ಸಾಲದ ಪಕ್ಕದಲ್ಲಿ ಸುಮ್ಮನೆ ಬಂದು ಕೂತದ್ದಲ್ಲ. ಸಾಲ ಕೊಟ್ಟವನು ಹಗೆಯಾಗುವುದು ಹಣ ಬರದಾಗ ಅಷ್ಟಲ್ಲ, ಮಾತು ನಿಂತಾಗ. ಫೋನ್ ಎತ್ತದಿರುವುದು, ಬೇರೆ ಓಣಿಯಿಂದ ಹೋಗುವುದು, ಸುಳ್ಳು ತಾರೀಖು ಕೊಡುವುದು ಎಲ್ಲವೂ ಶೇಷದ ಮೇಲೆ ಕೂಡುವ ಇನ್ನೊಂದು ಬಗೆಯ ಬಡ್ಡಿ. ಗಡುವು ತಪ್ಪುವ ಮೊದಲೇ ಹೋಗಿ, ಇಂಥ ಕಾರ್ಖಾನೆಯಿಂದ ಇಷ್ಟು ಬಿಲ್ಲು ಬರಬೇಕಿದೆ, ಅಲ್ಲಿಯವರೆಗೆ ತಿಂಗಳಿಗೆ ಇಷ್ಟು ಕಟ್ಟಬಲ್ಲೆ ಎಂದು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆದವನಿಗೂ, ನೋಟಿಸು ಬಂದ ಮೇಲೆ ಓಡಿದವನಿಗೂ ಸಿಗುವ ಕಿವಿ ಒಂದೇ ಅಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಕಬ್ಬು ನೀರಲ್ಲಿ ನಿಂತ 2019ರಂಥ ವರ್ಷಗಳಿಗೆ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನದಲ್ಲಿ ದಾರಿಯಿತ್ತು: ಬೆಳೆಹಾನಿ ಶೇಕಡಾ 33ರಿಂದ 50 ಇದ್ದರೆ ಎರಡು ವರ್ಷ, ಅದಕ್ಕೂ ಮೀರಿದರೆ ಐದು ವರ್ಷದವರೆಗೆ ಸಾಲವನ್ನು ಮರುಹೊಂದಿಸಬಹುದಿತ್ತು. ಅದು ಕೇಳಿದವರಿಗೆ ಸಿಗುತ್ತಿದ್ದ ದಾರಿ.

‘ಇದೆಲ್ಲ ಸಾಲಗಾರನಿಗೆ ಮಾತ್ರ ಹೇಳುವ ನೀತಿ, ಬಾಗಿಲು ಬಡಿಯುವವರಿಗೆ ಯಾರು ಹೇಳಬೇಕು?’ ಎನ್ನಬಹುದು. ಗಾದೆ ಸಾಲಗಾರನ ಹೆಸರು ಹಿಡಿದಿಲ್ಲ. ಹಗೆ ಎರಡು ಕಡೆಯಿಂದ ಉರಿಯುವಂಥದ್ದು. ಮೈಕ್ರೋಫೈನಾನ್ಸ್ ವಸೂಲಿಗಾರರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿತು. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತುಗಳಿಗೇ ಹೋಗುವಂತೆ ಸಾಲ ಕೊಡಬಾರದು ಎಂದೂ ಹೇಳಿತು. ದಂಡದ ಮೊತ್ತಕ್ಕೆ ಮತ್ತೆ ಬಡ್ಡಿ ಏರಿಸಬಾರದು ಎಂಬುದು 2023ರ ಸುತ್ತೋಲೆ. ಕಿರುಕುಳ ತಾಳದೆ ಜನ ಊರು ಬಿಟ್ಟ ಸುದ್ದಿಗಳ ನಡುವೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದು 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು. ಆಮೇಲೆ ಅದು ಕಾಯಿದೆಯೂ ಆಯಿತು. ಇದರಿಂದ ಸಂಘದ ಸಾಲವೇ ಮನ್ನಾ ಆಯಿತೆಂದು ತಿಳಿಯುವುದು ಅಪಾಯ. ನೋಂದಣಿಯಿಲ್ಲದವರು ದುರ್ಬಲ ವರ್ಗಕ್ಕೆ ಕೊಟ್ಟ ಸಾಲದ ಮಾತು ಬೇರೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಯ ಸಾಲ ಬೇರೆ. ಎರಡನೆಯದರಲ್ಲಿ ನಿಲ್ಲಬೇಕಾದದ್ದು ದಬ್ಬಾಳಿಕೆ, ಬಡ್ಡಿಯಲ್ಲ.

ಪೂರ್ತಿ ಕಟ್ಟಲಾಗದವನಿಗೆ ಈ ಮಾತು ಕ್ರೂರವಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಶೇಷ ಉಳಿಸದಿರಲು ಪೂರ್ತಿ ಕಟ್ಟುವುದೊಂದೇ ಮಾರ್ಗವೆಂದು ಗಾದೆ ಹೇಳಿಲ್ಲ. ಲೋಕ ಅದಾಲತ್ತಿನಲ್ಲಿ ಇಬ್ಬರೂ ಒಪ್ಪಿ ಮಾಡಿಕೊಂಡ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ವಿವಾದ ಅಲ್ಲಿಗೆ ಮುಗಿಯುತ್ತದೆ. ಬ್ಯಾಂಕಿನೊಂದಿಗೆ ಒಂದೇ ಬಾರಿಯ ಇತ್ಯರ್ಥ (ಓಟಿಎಸ್) ಮಾಡಿಕೊಂಡರೆ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂಬ ಗುರುತು ಉಳಿದು ಮುಂದಿನ ಸಾಲಕ್ಕೆ ಅಡ್ಡಿಯಾಗುತ್ತದೆ ನಿಜ, ಆದರೆ ಬೆಳೆಯುವ ಸಾಲಕ್ಕಿಂತ ಬೆಳೆಯದ ಗುರುತು ಮೇಲು. ಕಾಗದದ ಮೇಲಿನ ಶೇಷವನ್ನು ಮಾತ್ರ ಮರೆಯಬಾರದು: ಹಣ ಕಟ್ಟಿ ಬಾಕಿ ಇಲ್ಲವೆಂಬ ಪತ್ರ ತರದೆ, ಉತಾರದ (ಪಹಣಿಯ) ಹನ್ನೊಂದನೆಯ ಕಾಲಮ್ಮಿನಲ್ಲಿ ಕೂತ ಸಾಲದ ಬೋಜಾ ತೆಗೆಸದೆ ಮನೆಗೆ ಹೋದವರು ಎಷ್ಟೋ ವರ್ಷದ ಮೇಲೆ ಹೊಲ ಮಾರಲು ಹೊರಟಾಗ ಪೇಚಿಗೆ ಬೀಳುತ್ತಾರೆ. ಆಸ್ತಿಪತ್ರಗಳನ್ನು ಸಾಲ ತೀರಿದ 30 ದಿನದೊಳಗೆ ಬ್ಯಾಂಕು ಮರಳಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು.

ಹೀಗೆ ನೋಡಿದರೆ ಗಾದೆಯನ್ನು ಸಾಲ ಕೊಡುವ ಸಂಸ್ಥೆಗಳ ಮೇಲೂ ಹಿಡಿಯಬೇಕಾಗುತ್ತದೆ. ನವೀಕರಣವಾದ ಸಾಲ ಮಾರ್ಚ್ 31ರ ಪುಸ್ತಕದಲ್ಲಿ ವಸೂಲಾದ ಸಾಲವಾಗಿಯೇ ಕಾಣುತ್ತದೆ. ಶೇಕಡಾವಾರು ಚೆಂದ ಕಾಣುತ್ತದೆ. ಸೊಸೈಟಿಯ ಠೇವಣಿ ಇಟ್ಟವರೂ ಸಾಲ ಎತ್ತಿದವರೂ ಅಕ್ಕಪಕ್ಕದ ಮನೆಯವರೇ ಆಗಿರುವ ಈ ಊರುಗಳಲ್ಲಿ ಆ ಚೆಂದದ ಬೆಲೆ ಕೊನೆಗೆ ಊರೇ ತೆರಬೇಕು. ರಾಜ್ಯದ ಕಾಯಿದೆಯಡಿ ಸಹಕಾರ ಸಂಘಗಳ ವಾರ್ಷಿಕ ಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಲಾಭಾಂಶ ಎಷ್ಟು ಎಂದು ಕೇಳುವ ಸದಸ್ಯರು, ವಸೂಲಾದದ್ದರಲ್ಲಿ ಬೆಳೆಯ ಹಣದಿಂದ ಬಂದದ್ದೆಷ್ಟು, ಹೊಸ ಸಾಲದಿಂದ ಬಂದದ್ದೆಷ್ಟು ಎಂದು ಎರಡು ಅಂಕಿ ಬೇರೆ ಬೇರೆ ಕೇಳಿ ಪಡೆಯಲಿ.