ಬೆತ್ತದ ಒಪ್ಪಿಗೆ

ಭದ್ರಾವತಿಯಲ್ಲಿ ಉಪಾಧ್ಯಾಯನಾಗಿದ್ದಾಗ ನಾನೊಬ್ಬ ಬಾಲಕನನ್ನು ಕಳವಿನ ಸಂಶಯದಿಂದ ಬೆತ್ತದಲ್ಲಿ ಹೊಡೆದೆನು. ನಾಲ್ಕನೆಯ ಏಟಿಗೆ ಅವನು ತಪ್ಪನ್ನೊಪ್ಪಿದನು. ಗಡಿಯಾರವು ಮರುದಿನ ನನ್ನ ಮೇಜಿನ ಖಾನೆಯಲ್ಲಿಯೇ ದೊರೆಯಿತು. ಹಾಗಾದರೆ ಅವನು ಒಪ್ಪಿದುದೇನನ್ನು?

ಠಾಣೆಯ ಒಪ್ಪಿಗೆಯೂ ಇದೇ ಜಾತಿಯದಿರಬಹುದೆಂದು ಶಂಕಿಸಿಯೇ 1872ರ ಸಾಕ್ಷ್ಯಶಾಸನದ 25ನೆಯ ವಿಧಿಯು ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸ್ವೀಕರಿಸಲಿಲ್ಲ; 2024ರಲ್ಲಿ ಜಾರಿಗೆ ಬಂದ ಹೊಸ ಶಾಸನವೂ ಸ್ವೀಕರಿಸದು. ಬಲಾತ್ಕಾರದಿಂದಾದುದು ಆಗದುದಕ್ಕೆ ಸಮವೆಂದು ಮನುಸ್ಮೃತಿಯೂ ಬಗೆದಿತ್ತು. (ಆ ಗ್ರಂಥದ ಮಿಕ್ಕೆಲ್ಲ ಮಾತುಗಳನ್ನು ಸಮರ್ಥಿಸುವವನು ನಾನಲ್ಲ.) 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಧನಪತ್ರಕ್ಕೆ ಸಾಕ್ಷಿಯ ರುಜು, ಬಂಧುಗಳಿಗೆ ಸುದ್ದಿ, 48 ಗಂಟೆಗೊಮ್ಮೆ ವೈದ್ಯಪರೀಕ್ಷೆ ಇರತಕ್ಕದ್ದೆಂದು ವಿಧಿಸಿತು. 2010ರಲ್ಲಿ ನಮ್ಮ ಕರ್ನಾಟಕವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, ಸಮ್ಮತಿಯಿಲ್ಲದೆ ಔಷಧ ಚುಚ್ಚಿ ಮಾತು ಹೊರಡಿಸುವುದೂ ಕೂಡದೆಂದಿತು.

“ಕಳ್ಳನಿಗೆ ಇಷ್ಟು ಉಪಚಾರವೇಕೆ?” ಎಂದು ಶಿವಮೊಗ್ಗೆಯ ಮಿತ್ರರೊಬ್ಬರು ಕೇಳುತ್ತಾರೆ. ಕಳ್ಳನೆಂಬುದು ಇನ್ನೂ ನಿಶ್ಚಯವಾಗಬೇಕಷ್ಟೆ! ನಿಶ್ಚಯವಾದ ಮೇಲೂ ದಂಡವು ನ್ಯಾಯಾಧೀಶನದು, ಲಾಠಿಯದಲ್ಲ.

ಆ ಬಾಲಕನೀಗ ಭದ್ರಾವತಿಯಲ್ಲಿ ಅಂಗಡಿಯಿಟ್ಟಿದ್ದಾನೆ, ಕಂಡಾಗಲೆಲ್ಲ ನಮಸ್ಕರಿಸುತ್ತಾನೆ. ಗಡಿಯಾರ ದೊರೆತ ಸಂಗತಿಯನ್ನು ನಾನು ಅವನಿಗೆ ಇದುವರೆಗೂ ತಿಳಿಸಿಲ್ಲ.