ದುಂಡಿನಿಂದ ಹುಟ್ಟುವ ಸಪಾಟು

ಗೋಡೆಯ ಪ್ಲಗ್ ಕಿತ್ತು, ಅದರ ತುದಿಯನ್ನು ಕಣ್ಣೆದುರೇ ಇಟ್ಟುಕೊಳ್ಳುವವರೆಗೆ ನಮ್ಮೂರ ಆಚಾರ್ರು ಪ್ಲೇನಿಂಗ್ ಮಷೀನಿನ ಬ್ಲೇಡಿಗೆ ಕೈ ಹಾಕುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದೇ ಎಂದು ಕೇಳಿದ್ದಕ್ಕೆ, "ಸ್ವಿಚ್ಚು ಯಾರೂ ಹಾಕಬಹುದು ಮಾರಾಯ್ರೆ" ಎಂದರು.

ಕ್ಯಾಟಲಾಗುಗಳಲ್ಲಿ ಜಾಯಿಂಟರ್ ಎಂದು ಕಾಣುವ ಈ ಯಂತ್ರದಲ್ಲಿ ನೋಡಲು ಹೆಚ್ಚೇನಿಲ್ಲ. ಬೀಡುಕಬ್ಬಿಣದ ಎರಡು ಮೇಜು, ನಡುವೆ ಒಂದು ಸೀಳು, ಸೀಳಿನೊಳಗೆ ಮೂರು ಬ್ಲೇಡು ಕಚ್ಚಿಕೊಂಡ ಉರುಳೆ. ಮರ ಒಳಹೋಗುವ ಕಡೆಯ ಮೇಜು ಎಷ್ಟು ತಗ್ಗಿದೆಯೋ ಅಷ್ಟು ಮರ ಕೀಸಿಹೋಗುತ್ತದೆ. ಹೊರಬರುವ ಕಡೆಯದು ಮಾತ್ರ ಬ್ಲೇಡಿನ ತುದಿ ಮುಟ್ಟುವ ಎತ್ತರಕ್ಕೆ ಸರಿಸಮ ಇರಬೇಕು. ಅದು ಎತ್ತರವಾದರೆ ಹಲಗೆ ಅಂಚಿಗೆ ತಾಗಿ ನಿಲ್ಲುತ್ತದೆ, ತಗ್ಗಾದರೆ ಹಲಗೆಯ ಕೊನೆಯಲ್ಲಿ ಗುಳಿ ಬೀಳುತ್ತದೆ.

ಆ ಎತ್ತರವನ್ನು ಆಚಾರ್ರು ಅಳೆಯುವುದು ಒಂದು ಮರದ ಪಟ್ಟಿಯಿಂದ. ಅದನ್ನು ಹೊರಮೇಜಿನ ಮೇಲೆ, ಉರುಳೆಯ ಆಚೆಗೂ ಚಾಚುವಂತೆ ಮಲಗಿಸಿ, ಮೇಜಿನ ಅಂಚು ಸಿಗುವಲ್ಲಿ ಪೆನ್ಸಿಲ್ ಗೀಟು ಹಾಕುತ್ತಾರೆ. ಬೆಲ್ಟು ಹಿಡಿದು ಉರುಳೆಯನ್ನು ನಿಧಾನ ತಿರುಗಿಸಿದರೆ ಬ್ಲೇಡು ಮೇಲೆದ್ದು, ಪಟ್ಟಿಯನ್ನು ತುಸು ಎತ್ತಿ, ಮೂರು ಮಿಲಿಮೀಟರಿನಷ್ಟು ಮುಂದೆ ಹೊತ್ತು ಬಿಟ್ಟುಬಿಡುತ್ತದೆ. ಅಲ್ಲಿಗೆ ಇನ್ನೊಂದು ಗೀಟು. ಮೂರೂ ಬ್ಲೇಡು, ಪ್ರತಿಯೊಂದರ ಎರಡೂ ತುದಿ, ಪಟ್ಟಿಯನ್ನು ಅಷ್ಟೇ ದೂರ ಒಯ್ಯಬೇಕು. ಹೆಚ್ಚುಕಡಿಮೆಯಾದರೆ ಸ್ಕ್ರೂ ಸಡಿಲಿಸಿ, ತಟ್ಟಿ, ಬಿಗಿದು ಮತ್ತೆ ನೋಡುವುದು. ಸ್ಕ್ರೂಗಳನ್ನು ಒಮ್ಮೆಲೇ ಬಿಗಿಯುವುದಿಲ್ಲ; ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ, ಕೊನೆಗೆ ಇನ್ನೊಂದು ಸುತ್ತು.

ನನಗೆ ಸೋಜಿಗವೆನಿಸುವುದು ಇಲ್ಲಿ. ಬ್ಲೇಡಿನ ತುದಿ ಓಡುವುದು ವೃತ್ತದಲ್ಲಿ, ನೇರವಾದ ಗೆರೆಯೊಂದನ್ನೂ ಅದು ಎಳೆಯುವುದಿಲ್ಲ. ನಿಮಿಷಕ್ಕೆ 5,000 ಸುತ್ತು, ಮೂರು ಬ್ಲೇಡು ಎಂದರೆ 15,000 ಕಡಿತ. ಅಷ್ಟರಲ್ಲಿ ಹಲಗೆ ಆರು ಮೀಟರ್ ಸಾಗಿದರೆ 0.4 ಮಿಲಿಮೀಟರಿಗೊಂದು ತೋಡು ಬೀಳುತ್ತದೆ. ಉರುಳೆಯ ವ್ಯಾಸ 75 ಮಿಲಿಮೀಟರ್ ಇದ್ದರೆ ಆ ತೋಡಿನ ಆಳ ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ನಾವು ಸಪಾಟು ಎನ್ನುವುದು ಅಷ್ಟು ಸಣ್ಣ ಗುಳಿಗಳ ಸಾಲನ್ನೇ. ಒಂದು ಬ್ಲೇಡು ಉಳಿದೆರಡಕ್ಕಿಂತ ಕೂದಲೆಳೆ ಮೇಲಿದ್ದರೆ ಅದರ ಗುರುತಷ್ಟೇ ಉಳಿದು ತೋಡುಗಳ ಅಂತರ ಮೂರು ಪಟ್ಟು, ಆಳ ಒಂಬತ್ತು ಪಟ್ಟು ಆಗುತ್ತದೆ. ಆಚಾರ್ರು ಹಲಗೆಯನ್ನು ಬೆಳಕಿಗೆ ಓರೆ ಹಿಡಿದು, ಬೆರಳಾಡಿಸಿ, "ಒಂದು ಎದ್ದಿದೆ" ಎನ್ನುತ್ತಾರೆ. ಬೆರಳನ್ನು ನಂಬಬಹುದು. 2013ರಲ್ಲಿ ಸ್ಟಾಕ್‌ಹೋಮಿನ ಕೆಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದಂತೆ, ಕೇವಲ 13 ನ್ಯಾನೊಮೀಟರ್ ಎತ್ತರದ ಸುಕ್ಕುಗಳನ್ನೂ ಮನುಷ್ಯನ ಬೆರಳು ನುಣುಪಾದ ಮೈಯಿಂದ ಬೇರೆಯೆಂದು ಗುರುತಿಸಬಲ್ಲದು.

ಇಷ್ಟು ಸೂಕ್ಷ್ಮ ಬೆರಳನ್ನು ಈ ಯಂತ್ರ ಕ್ಷಣದಲ್ಲಿ ನುಂಗಬಲ್ಲದು ಎಂಬುದೂ ಮರೆಯುವ ಮಾತಲ್ಲ. ಹಿಂದಿನ ಉರುಳೆಗಳು ಚೌಕವಾಗಿದ್ದವು. ಮೂಲೆಗಳ ನಡುವಿನ ಖಾಲಿ ಜಾಗ ಜಾರಿದ ಕೈಯನ್ನು ಒಳಗೆಳೆದುಕೊಳ್ಳುತ್ತಿತ್ತು. 20ನೇ ಶತಮಾನದ ಆರಂಭದಲ್ಲಿ ಅವು ದುಂಡಗಾದವು, ಆದರೂ ಪೂರ್ತಿ ನಿರುಪದ್ರವಿಯಾಗಲಿಲ್ಲ. ಒಂದು ಅಡಿಗಿಂತ ಗಿಡ್ಡ ತುಂಡನ್ನು ಆಚಾರ್ರು ಮೇಜಿಗೆ ತರುವುದೇ ಇಲ್ಲ. ಮಷೀನು ಓಡುವಾಗ ಕೈಗವಸು ನಿಷಿದ್ಧ. ಬ್ಲೇಡು ಬಿಚ್ಚುವಾಗ ಮಾತ್ರ ದಪ್ಪ ಚರ್ಮದ್ದು.

ತೇಗ ಕೀಸಿದ ವಾರಗಳಲ್ಲಿ ಬ್ಲೇಡು ಬೇಗ ಮೊಂಡಾಗುತ್ತದೆ. ತೇಗದ ಒಳಗೆ ಸಿಲಿಕಾ ಇರುತ್ತದೆ, ಮರಳಿನಲ್ಲಿರುವಂಥದ್ದೇ. ಬೇರು ಮಣ್ಣಿನಿಂದ ನೀರಿನ ಜೊತೆ ಹೀರಿಕೊಂಡದ್ದು ಎಷ್ಟೋ ವರ್ಷಗಳ ನಂತರ ಹೈಸ್ಪೀಡ್ ಉಕ್ಕನ್ನು ಸವೆಸುತ್ತದೆ. ಆಗ ಮೂರನ್ನೂ ಒಟ್ಟಿಗೇ ಸಾಣೆಗೆ ಕಳಿಸಬೇಕು. ಒಂದೇ ಸವೆದು ಹಗುರಾದರೆ ಉರುಳೆ ನಡುಗುತ್ತದೆ. ಮಳೆಗಾಲದಲ್ಲಿ ಮೇಜಿಗೆ ತುಕ್ಕು ಬಾರದಂತೆ ಮೇಣ ತಿಕ್ಕುವುದು ಬೇರೆ.

ಮರವನ್ನು ನೇರ ಮಾಡುವುದು ಮೇಜು, ಸರಿ. ಮೇಜನ್ನು ನೇರ ಮಾಡಿದ ಯಂತ್ರಕ್ಕೂ ನೇರವಾದ ಮೈ ಬೇಕಿತ್ತಲ್ಲ? ಹೀಗೆ ಹಿಂದಕ್ಕೆ ಹೋದರೆ ಮೊದಲನೆಯದು ಎಲ್ಲಿಂದ? ಇಂಗ್ಲೆಂಡಿನ ಇಂಜಿನಿಯರ್ ಜೋಸೆಫ್ ವಿಟ್ವರ್ತ್ 1840ರಲ್ಲಿ ಗ್ಲಾಸ್ಗೋದಲ್ಲಿ ವಿವರಿಸಿದ್ದು ಮೂರು ತಟ್ಟೆಗಳ ವಿಧಾನ. ಒಂದಕ್ಕೆ ಬಣ್ಣ ಸವರಿ ಇನ್ನೊಂದರ ಮೇಲಿಟ್ಟು, ಬಣ್ಣ ಹತ್ತಿದ ಉಬ್ಬುಗಳನ್ನು ಕೈಯಿಂದ ಕೆರೆಯುವುದು. ಎರಡೇ ಇದ್ದರೆ ಒಂದು ಉಬ್ಬಿ, ಇನ್ನೊಂದು ಅಷ್ಟೇ ತಗ್ಗಿ, ಚೆನ್ನಾಗಿಯೇ ಕೂತುಬಿಡಬಹುದು. ಮೂರೂ ಒಂದಕ್ಕೊಂದು ಕೂರಬೇಕಾದರೆ ಸಪಾಟಾಗದೆ ದಾರಿಯಿಲ್ಲ. ಅಳತೆಗೆಂದು ನೇರವಾದ ವಸ್ತು ಒಂದೂ ಬೇಡ.

ಆಚಾರ್ರು ಇದನ್ನು ಗಮನವಿಟ್ಟು ಕೇಳಿದರು. "ಮೂರನೇದಕ್ಕೆ ಹೊಂದಿಸುವಾಗ ಮೊದಲಿನ ಎರಡು ತಪ್ಪುದಿಲ್ವಾ?" ಎಂದರು. ತಪ್ಪುತ್ತವೆ, ಮತ್ತೆ ಬಣ್ಣ ಸವರಿ ಮೊದಲಿನಿಂದ ಕೆರೆಯಬೇಕು ಎಂದೆ.